ದಿನಕ್ಕೊಂದು ಚುಚ್ಚುಮಾತು: ಕೆಲಸದ ಸ್ಥಳದ ಕಿರುಕುಳ ಆರೋಗ್ಯವನ್ನು ಕೆಡಿಸುವ ಬಗೆ

ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದ ಒಬ್ಬ ಮಹಿಳೆಯನ್ನು ಕಣ್ಮುಂದೆ ತಂದುಕೊಳ್ಳೋಣ. ಹೊಸ ಮೇಲಧಿಕಾರಿ ಬಂದ ಮೇಲೆ ಸಭೆಯ ಸೂಚನೆ ಎಲ್ಲರಿಗೂ ಹೋಗುತ್ತದೆ, ಅವರಿಗೆ ಮಾತ್ರ ಹೋಗುವುದಿಲ್ಲ. ಅವರು ಸಿದ್ಧಪಡಿಸಿದ ವರದಿಯಲ್ಲಿ ಒಂದು ಅಂಕಿ ತಪ್ಪಿದರೆ ಅದನ್ನು ಎತ್ತಿ ತೋರಿಸುವ ಇ-ಮೇಲ್ ಇಡೀ ವಿಭಾಗಕ್ಕೆ ತಲುಪುತ್ತದೆ; ವರದಿ ಸರಿಯಾಗಿದ್ದರೆ ಅದರ ಮೇಲೆ ಬೇರೊಬ್ಬರ ಹೆಸರಿರುತ್ತದೆ. ಅವರು ಮಾತಿಗೆ ಬಾಯಿ ತೆರೆದಾಗ ಮೇಲಧಿಕಾರಿ ಗಡಿಯಾರ ನೋಡುತ್ತಾರೆ, ಉಳಿದವರು ತಮ್ಮ ಮುಂದಿನ ಕಾಗದದ ಮೇಲೆ ಕಣ್ಣು ನೆಡುತ್ತಾರೆ. ರಜೆಯ ಅರ್ಜಿ ಮೂರು ವಾರ ಸಹಿಯಿಲ್ಲದೆ ಬಿದ್ದಿರುತ್ತದೆ. ಕೇಳಲು ಹೋದರೆ, "ನಿಮಗೆ ಎಲ್ಲದಕ್ಕೂ ಅವಸರ" ಎಂಬ ಮಾತು ನಗುತ್ತಲೇ ಬರುತ್ತದೆ.

ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಂಡು ದೂರು ಕೊಡಲು ಹೋದರೆ ಕೇಳುವವರಿಗೆ ಅದು ಕ್ಷುಲ್ಲಕವೆನಿಸುತ್ತದೆ. ಗಡಿಯಾರ ನೋಡಿದ್ದು ತಪ್ಪೇ, ಒಂದು ಇ-ಮೇಲ್‌ಗೆ ಇಷ್ಟೊಂದು ನೊಂದುಕೊಳ್ಳಬೇಕೇ ಎಂದು ಅವರು ಕೇಳುತ್ತಾರೆ. ಎಷ್ಟೋ ಸಲ ದೂರು ಕೊಡಹೊರಟವರೇ ತಮ್ಮನ್ನು ಹಾಗೆ ಕೇಳಿಕೊಂಡು ಹಿಂದಿರುಗುತ್ತಾರೆ. ಆದರೆ ಎಂಟು ತಿಂಗಳು ಕಳೆಯುವಷ್ಟರಲ್ಲಿ ಆ ಮಹಿಳೆಗೆ ವಾರದ ರಜೆ ಮುಗಿಯುವ ಸಂಜೆ ಹೊಟ್ಟೆ ತೊಳಸುತ್ತದೆ, ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ, ಫೋನ್ ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ, ಎಂದೂ ಇಲ್ಲದ ರಕ್ತದೊತ್ತಡ ಕಾಣಿಸಿಕೊಳ್ಳುತ್ತದೆ. ವೈದ್ಯರು ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದು ಕಳುಹಿಸುತ್ತಾರೆ. ಕೆಲಸ ಹೇಗೆ ನಡೆದಿದೆ ಎಂದು ಯಾರೂ ಕೇಳುವುದಿಲ್ಲ.

ಕೆಲಸದ ಸ್ಥಳದ ಕಿರುಕುಳವನ್ನು ಇಬ್ಬರ ಸ್ವಭಾವ ಹೊಂದದೆ ಹುಟ್ಟಿದ ಮನಸ್ತಾಪವೆಂದು ನೋಡುವವರೆಗೆ ಈ ಕಾಯಿಲೆಗೂ ಆ ಇ-ಮೇಲ್‌ಗೂ ಇರುವ ಸಂಬಂಧ ಕಣ್ಣಿಗೆ ಬೀಳುವುದಿಲ್ಲ. ಗಣಿಯ ದೂಳನ್ನು, ಯಂತ್ರದ ಅಬ್ಬರವನ್ನು, ರಾಸಾಯನಿಕಗಳ ಹಬೆಯನ್ನು ನಾವು ಹೇಗೆ ಕೆಲಸದಿಂದ ಒದಗುವ ಆರೋಗ್ಯದ ಅಪಾಯಗಳೆಂದು ಎಣಿಸುತ್ತೇವೆಯೋ ಹಾಗೆಯೇ ಇದನ್ನೂ ಎಣಿಸಬೇಕು. ದೂಳಿನ ಒಂದು ಕಣದಿಂದ ಯಾರ ಶ್ವಾಸಕೋಶವೂ ಕೆಡುವುದಿಲ್ಲ. ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಉಸಿರಾಡಿದರು, ತಪ್ಪಿಸಿಕೊಳ್ಳಲು ದಾರಿಯಿತ್ತೇ ಎಂಬುದೇ ಅಲ್ಲಿಯ ಪ್ರಶ್ನೆ. ಚುಚ್ಚುಮಾತಿನ ವಿಷಯದಲ್ಲಿಯೂ ಪ್ರಶ್ನೆ ಅದೇ.

ಹೆಸರು ಸಿಕ್ಕ ಬಗೆ

ಈ ಅನುಭವ ಹೊಸದಲ್ಲ. ಅದಕ್ಕೆ ವೈಜ್ಞಾನಿಕವಾದ ಒಂದು ಹೆಸರು ಸಿಕ್ಕಿದ್ದು ಮಾತ್ರ ಇತ್ತೀಚೆಗೆ. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಹೈಂಟ್ಸ್ ಲೇಮನ್ 1980ರ ದಶಕದಲ್ಲಿ, ಕೆಲಸದಿಂದಾಗಿ ಮಾನಸಿಕವಾಗಿ ಕುಸಿದುಹೋದ ಜನರ ಕತೆಗಳನ್ನು ಕೇಳುತ್ತಾ ಹೋದಂತೆ ಒಂದೇ ಬಗೆಯ ಘಟನೆಗಳು ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿದರು. ಅದಕ್ಕೆ ಅವರು ಬಳಸಿದ ಪದ 'ಮಾಬಿಂಗ್'. ಹಕ್ಕಿಗಳ ಗುಂಪು ಸೇರಿಕೊಂಡು ಒಂದು ಪ್ರಾಣಿಯ ಮೇಲೆರಗಿ ಅದನ್ನು ಓಡಿಸುವುದಕ್ಕೆ ಪ್ರಾಣಿವರ್ತನೆಯ ಅಧ್ಯಯನದಲ್ಲಿ ಬಳಕೆಯಲ್ಲಿದ್ದ ಪದವದು. ಮುಂದೆ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ಅದನ್ನು ಶಾಲಾ ಮಕ್ಕಳ ಗುಂಪುಗಾರಿಕೆಗೆ ಅನ್ವಯಿಸಿದ್ದರು. ಲೇಮನ್ ಅದನ್ನು ಕಚೇರಿ, ಕಾರ್ಖಾನೆಗಳಿಗೆ ತಂದರು. ಅವರು ಪಟ್ಟಿ ಮಾಡಿದ ವರ್ತನೆಗಳು 45. ಮಾತನಾಡಲು ಅವಕಾಶ ಕೊಡದಿರುವುದು, ಎದುರಿಗಿದ್ದರೂ ಇಲ್ಲದವರಂತೆ ಕಾಣುವುದು, ಬೆನ್ನ ಹಿಂದೆ ಇಲ್ಲಸಲ್ಲದ್ದನ್ನು ಹಬ್ಬಿಸುವುದು, ಅರ್ಥವಿಲ್ಲದ ಕೆಲಸ ಹಚ್ಚುವುದು, ಕೊನೆಗೆ ದೈಹಿಕವಾಗಿ ಬೆದರಿಸುವುದು ಇವೆಲ್ಲ ಅದರಲ್ಲಿವೆ. ಇವುಗಳಲ್ಲಿ ಕೆಲವನ್ನಾದರೂ ವಾರಕ್ಕೊಮ್ಮೆಯಂತೆ, ಕನಿಷ್ಠ ಆರು ತಿಂಗಳು ಅನುಭವಿಸಿದ್ದರೆ ಅದು ಮಾಬಿಂಗ್ ಎಂದು ಅವರು ಗೆರೆ ಎಳೆದರು.

ಕನ್ನಡದಲ್ಲಿ ಇದಕ್ಕೆ ಪದಗಳ ಬರವಿಲ್ಲ. 'ಮೂಲೆಗುಂಪು ಮಾಡುವುದು' ಎಂಬ ಮಾತಿನಲ್ಲಿ ಆ ಪಟ್ಟಿಯ ಕಾಲು ಭಾಗ ಅಡಗಿದೆ, 'ತೇಜೋವಧೆ' ಎಂಬುದರಲ್ಲಿ ಇನ್ನೊಂದು ಭಾಗ. ಕೊಲ್ಲುವುದು ವ್ಯಕ್ತಿಯನ್ನಲ್ಲ, ಅವರ ತೇಜಸ್ಸನ್ನು ಎಂದು ಆ ಪದ ಹೇಳುವಷ್ಟು ನಿಖರವಾಗಿ ಯಾವ ಪ್ರಶ್ನಾವಳಿಯೂ ಹೇಳಲಾರದೆಂದು ನನಗೆ ಅನಿಸುತ್ತದೆ.

ಆರು ತಿಂಗಳ ಗೆರೆ ಸಂಶೋಧಕರಿಗೆ ಉಪಯೋಗಕ್ಕೆ ಬಂತು, ಏಕೆಂದರೆ ಎಣಿಸಲು ಒಂದು ಅಳತೆ ಬೇಕು. ಆದರೆ ಅದೇ ಗೆರೆಯನ್ನು ದೂರು ಕೊಡುವವರ ಮುಂದೆ ಎಳೆದರೆ, ಐದನೆಯ ತಿಂಗಳಲ್ಲಿ ಬಂದವರನ್ನು ಇನ್ನೊಂದು ತಿಂಗಳು ಅನುಭವಿಸಿ ಬನ್ನಿ ಎಂದು ಕಳುಹಿಸಿದಂತಾಗುತ್ತದೆ. ಮುಂದೆ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ಸ್ಟೋಲೆ ಐನಾರ್ಸನ್ ಮತ್ತು ಅವರ ಸಂಗಡಿಗರು ರೂಪಿಸಿದ, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ 22 ಪ್ರಶ್ನೆಗಳ ಮಾಪನ ಜಾಣತನದ್ದು. ಅದು ಮೊದಲಿಗೇ "ನಿಮಗೆ ಕಿರುಕುಳವಾಗಿದೆಯೇ" ಎಂದು ಕೇಳುವುದಿಲ್ಲ. ಕೆಲಸಕ್ಕೆ ಬೇಕಾದ ಮಾಹಿತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆಯೇ, ಮುಗಿಸಲಾಗದ ಗಡುವು ಕೊಟ್ಟಿದ್ದಾರೆಯೇ, ನಿಮ್ಮ ಯೋಗ್ಯತೆಗಿಂತ ಕೆಳಗಿನ ಕೆಲಸಕ್ಕೆ ಹಾಕಿದ್ದಾರೆಯೇ ಎಂದು ನಡೆದ ಸಂಗತಿಯನ್ನು ಕೇಳುತ್ತದೆ. ತಾವು ಕಿರುಕುಳಕ್ಕೆ ಒಳಗಾದವರೆಂದು ಒಪ್ಪಿಕೊಳ್ಳಲು ನಾಚುವವರೂ ಇಂತಹ ಪ್ರಶ್ನೆಗಳಿಗೆ ಹೌದೆನ್ನುತ್ತಾರೆ.

ಹಾಗಾದರೆ ಮೇಲಧಿಕಾರಿ ತಪ್ಪು ತೋರಿಸುವಂತೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಕೆಲಸದಲ್ಲಿ ಲೋಪವಾದರೆ ಅದನ್ನು ಹೇಳುವುದು, ಗುರಿ ನಿಗದಿ ಮಾಡುವುದು, ಶಿಸ್ತುಕ್ರಮ ಕೈಗೊಳ್ಳುವುದು, ಅವು ಕೇಳುವವರಿಗೆ ಎಷ್ಟೇ ಕಹಿಯಾದರೂ, ಕಿರುಕುಳವಲ್ಲ. ವ್ಯತ್ಯಾಸವನ್ನು ಹೀಗೆ ಗುರುತಿಸಬಹುದು: ಮೇಲ್ವಿಚಾರಣೆಯ ಮಾತು ಕೆಲಸದ ಬಗ್ಗೆ ಇರುತ್ತದೆ, ಎಲ್ಲರಿಗೂ ಒಂದೇ ಅಳತೆಯಲ್ಲಿ ಅನ್ವಯಿಸುತ್ತದೆ, ತಿದ್ದಿಕೊಂಡ ಮೇಲೆ ನಿಲ್ಲುತ್ತದೆ. ಕಿರುಕುಳ ವ್ಯಕ್ತಿಯ ಬಗ್ಗೆ ಇರುತ್ತದೆ, ತಿದ್ದಿಕೊಂಡರೂ ನಿಲ್ಲುವುದಿಲ್ಲ. ಸಮಾನರಿಬ್ಬರ ಜಗಳವೂ ಬೇರೆಯೇ. ಅಲ್ಲಿ ಇಬ್ಬರಿಗೂ ತಿರುಗಿ ಮಾತನಾಡುವ ಶಕ್ತಿ ಇರುತ್ತದೆ. ಕಿರುಕುಳದಲ್ಲಿ ಒಬ್ಬರು ಅಸಹಾಯಕರಾಗಿರುತ್ತಾರೆ. ಆ ಅಸಹಾಯಕತೆ ಹುದ್ದೆಯಿಂದಲೇ ಬರಬೇಕೆಂದಿಲ್ಲ. ಗುಂಪಿನ ಬಲದಿಂದ, ಗುತ್ತಿಗೆ ನೌಕರಿಯ ಅಭದ್ರತೆಯಿಂದ, ಭಾಷೆ, ಲಿಂಗ, ಅಂಗವೈಕಲ್ಯದ ಕಾರಣದಿಂದಲೂ ಬರಬಹುದು.

ಕಾನೂನಿನ ದೃಷ್ಟಿಯಿಂದ ದೊಡ್ಡ ಹೆಜ್ಜೆ ಬಿದ್ದದ್ದು 2019ರ ಜೂನ್ 21ರಂದು. ಅಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೆಲಸದ ಜಗತ್ತಿನಲ್ಲಿನ ಹಿಂಸೆ ಮತ್ತು ಕಿರುಕುಳವನ್ನು ಕುರಿತ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು 2021ರ ಜೂನ್ 25ರಂದು ಜಾರಿಗೆ ಬಂತು. ಒಂದೇ ಒಂದು ಸಲ ನಡೆದಿದ್ದರೂ, ಮತ್ತೆ ಮತ್ತೆ ನಡೆದಿದ್ದರೂ, ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿಯನ್ನು ಉದ್ದೇಶಿಸಿದ, ಉಂಟುಮಾಡಿದ ಅಥವಾ ಉಂಟುಮಾಡಬಹುದಾದ ವರ್ತನೆ ಮತ್ತು ಪದ್ಧತಿಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಉದ್ದೇಶವಿರಲಿಲ್ಲ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ತರಬೇತಿಯಲ್ಲಿರುವವರು, ಸ್ವಯಂಸೇವಕರು, ಕೆಲಸಕ್ಕೆ ಅರ್ಜಿ ಹಾಕಿದವರು ಕೂಡ ಅದರ ರಕ್ಷಣೆಗೆ ಒಳಪಡುತ್ತಾರೆ. ಕೆಲಸಕ್ಕೆ ಹೋಗಿಬರುವ ದಾರಿ, ಉದ್ಯೋಗದಾತರು ಕೊಟ್ಟ ವಸತಿ, ಕೆಲಸದ ಸಂಬಂಧವಾಗಿ ಫೋನ್ ಮತ್ತು ಅಂತರ್ಜಾಲದಲ್ಲಿ ನಡೆಯುವ ಸಂವಹನ ಇವೆಲ್ಲ 'ಕೆಲಸದ ಜಗತ್ತು' ಎಂಬ ಮಾತಿನೊಳಗೆ ಸೇರಿವೆ.

ಇದರ ಹರವು ಎಷ್ಟು ಎಂಬುದಕ್ಕೆ ಅದೇ ಸಂಸ್ಥೆ ಇತರ ಎರಡು ಸಂಸ್ಥೆಗಳೊಡನೆ 121 ದೇಶಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆ ಉತ್ತರ ಕೊಡುತ್ತದೆ. ದುಡಿಯುವವರಲ್ಲಿ ಶೇ 22.8ರಷ್ಟು ಜನ, ಅಂದರೆ ಸುಮಾರು 74 ಕೋಟಿ ಮಂದಿ, ತಮ್ಮ ದುಡಿಮೆಯ ಬದುಕಿನಲ್ಲಿ ಯಾವುದಾದರೊಂದು ಬಗೆಯ ಹಿಂಸೆ ಅಥವಾ ಕಿರುಕುಳವನ್ನು ಅನುಭವಿಸಿದ್ದಾರೆ. ಮಾನಸಿಕ ಹಿಂಸೆಯದ್ದೇ ದೊಡ್ಡ ಪಾಲು: ಶೇ 17.9. ದೈಹಿಕ ಹಿಂಸೆ ಶೇ 8.5, ಲೈಂಗಿಕ ಹಿಂಸೆ ಶೇ 6.3. ಅನುಭವಿಸಿದವರಲ್ಲಿ ಅದನ್ನು ಯಾರಿಗಾದರೂ ಹೇಳಿಕೊಂಡವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದವರು ಹೆಂಡತಿಗೂ ಗಂಡನಿಗೂ ಗೆಳೆಯರಿಗೂ ಹೇಳಲಿಲ್ಲ.

ದೇಹದೊಳಗೆ ನಡೆಯುವುದು

ಅಪಾಯ ಎದುರಾದಾಗ ದೇಹ ಓಡಲು ಅಥವಾ ಕಾದಾಡಲು ಸಿದ್ಧವಾಗುತ್ತದೆ. ಅಡ್ರಿನಲಿನ್ ಹರಿದು ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮಿದುಳಿನ ಹೈಪೊಥಲಾಮಸ್‌ನಿಂದ ಹೊರಟ ಸಂಕೇತ ಪಿಟ್ಯುಟರಿ ಗ್ರಂಥಿಯ ಮೂಲಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ತಲುಪಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ ಸ್ನಾಯುಗಳಿಗೆ ಇಂಧನ ಒದಗಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಈ ಏರ್ಪಾಡು ಜೀವ ಉಳಿಸುತ್ತದೆ. ನಾಯಿ ಹೋದ ಮೇಲೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಎಲ್ಲವೂ ತನ್ನ ಜಾಗಕ್ಕೆ ಮರಳುತ್ತದೆ.

ಕಿರುಕುಳಕ್ಕೆ ಒಳಗಾದವರಿಗೆ ನಾಯಿ ಹೋಗುವುದೇ ಇಲ್ಲ. ಓಡುವಂತಿಲ್ಲ, ಏಕೆಂದರೆ ಸಂಬಳ ಬೇಕು. ಕಾದಾಡುವಂತಿಲ್ಲ, ಏಕೆಂದರೆ ಬಡ್ತಿ, ವರ್ಗಾವಣೆ, ಅನುಭವ ಪತ್ರ ಎಲ್ಲವೂ ಕಾಡುವವರ ಕೈಯಲ್ಲಿದೆ. ಆದ್ದರಿಂದ ಅವಮಾನವನ್ನು ನುಂಗಿಕೊಂಡು, ಮುಖದಲ್ಲಿ ಏನೂ ತೋರಿಸದೆ ಕೂರಬೇಕಾಗುತ್ತದೆ. ಮನೆಗೆ ಬಂದ ಮೇಲೂ ಮನಸ್ಸು ಅದನ್ನೇ ಮೆಲುಕು ಹಾಕುತ್ತದೆ: ಆಗ ಹಾಗೆ ಹೇಳಬೇಕಿತ್ತು, ನಾಳೆ ಏನು ಕಾದಿದೆಯೋ, ತಪ್ಪು ನನ್ನದೇ ಇರಬಹುದೇ. ದೇಹಕ್ಕೆ ನಡೆಯುತ್ತಿರುವ ಅವಮಾನಕ್ಕೂ ನೆನೆಯುತ್ತಿರುವ ಅವಮಾನಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡಕ್ಕೂ ಅದು ಅದೇ ಹಾರ್ಮೋನುಗಳನ್ನು ಹರಿಸುತ್ತದೆ. ಹೀಗಾಗಿ ಕಚೇರಿಯ ಎಂಟು ಗಂಟೆ ದೇಹದ ಲೆಕ್ಕದಲ್ಲಿ ಹದಿನಾರಾಗುತ್ತದೆ, ನಿದ್ದೆ ಬಾರದ ರಾತ್ರಿ ಇಪ್ಪತ್ತಾಗುತ್ತದೆ.

ಎಚ್ಚರಿಕೆಯ ಗಂಟೆ ಹೀಗೆ ಬಿಡುವಿಲ್ಲದೆ ಬಾರಿಸುತ್ತಿದ್ದರೆ ಅದರ ಯಂತ್ರವೇ ಸವೆಯುತ್ತದೆ. ರಕ್ತದೊತ್ತಡ ಏರಿದ ಮಟ್ಟದಲ್ಲೇ ನೆಲೆಸುತ್ತದೆ, ಇನ್ಸುಲಿನ್‌ಗೆ ಜೀವಕೋಶಗಳು ಓಗೊಡುವುದು ಕಡಿಮೆಯಾಗುತ್ತದೆ, ಉರಿಯೂತದ ಅಂಶಗಳು ರಕ್ತದಲ್ಲಿ ಹೆಚ್ಚಾಗುತ್ತವೆ. ಬೆಳಗಿನ ಹೊತ್ತು ಸಹಜವಾಗಿ ಏರಬೇಕಾದ ಕಾರ್ಟಿಸಾಲ್ ದೀರ್ಘಕಾಲ ಕಿರುಕುಳ ಅನುಭವಿಸಿದ ಕೆಲವರಲ್ಲಿ ಬದಲಿಗೆ ತಗ್ಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಎದ್ದ ಕೂಡಲೇ ಮೈಯೆಲ್ಲ ಸೋತಂತಿದೆ ಎಂದು ಅವರು ಹೇಳುವುದು ಸೋಮಾರಿತನದ ನೆಪವಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ತಲೆನೋವು, ಕುತ್ತಿಗೆ ಮತ್ತು ಬೆನ್ನಿನ ನೋವು, ಹೊಟ್ಟೆಯ ತೊಂದರೆಗಳು ಈ ಹಂತದಲ್ಲಿ ಸಾಮಾನ್ಯ.

ಮೂಲೆಗುಂಪು ಮಾಡುವುದರ ಪರಿಣಾಮದ ಬಗ್ಗೆ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಜನರನ್ನು ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಪರದೆಯ ಮೇಲೆ ಚೆಂಡೆಸೆಯುವ ಒಂದು ಸರಳ ಆಟವನ್ನು ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಉಳಿದಿಬ್ಬರು ಆಟಗಾರರು ಇವರಿಗೆ ಚೆಂಡು ಕೊಡುವುದನ್ನು ನಿಲ್ಲಿಸಿ ತಮ್ಮತಮ್ಮಲ್ಲೇ ಆಡತೊಡಗಿದರು. ಮುಖಪರಿಚಯವಿಲ್ಲದವರು, ಕೆಲವು ನಿಮಿಷಗಳ ಆಟ, ಕಳೆದುಕೊಳ್ಳಲು ಏನೂ ಇಲ್ಲ. ಆದರೂ ದೈಹಿಕ ನೋವಿನ ಸಂಕಟದಲ್ಲಿ ಪಾಲ್ಗೊಳ್ಳುವ ಮಿದುಳಿನ ಭಾಗ ಅಲ್ಲಿಯೂ ಸಕ್ರಿಯವಾಯಿತು. ಈ ಭಾಗ ನೋವಿಗೊಂದಕ್ಕೇ ಮೀಸಲಲ್ಲ ಎಂಬ ವಾದಗಳು ಅನಂತರ ಬಂದಿವೆ; ಆದರೆ ಹೊರಗಿಡಲ್ಪಡುವುದನ್ನು ಮಿದುಳು ಲಘುವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಸಭೆಗೆ ಕರೆಯದಿರುವುದು ಬೈಗುಳದಷ್ಟೇ ಏಟು ಕೊಡಬಲ್ಲದು.

ಅಧ್ಯಯನಗಳ ಲೆಕ್ಕ

ಕಿರುಕುಳಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದು ಹೇಳುವುದು ಸುಲಭ, ತೋರಿಸುವುದು ಕಷ್ಟ. ಖಿನ್ನರಾದವರು ಎಲ್ಲವನ್ನೂ ಕಿರುಕುಳವೆಂದು ಕಾಣುತ್ತಿರಬಹುದು, ಇಲ್ಲವೇ ಮೊದಲೇ ಕಾಯಿಲೆ ಇದ್ದವರನ್ನೇ ಜನ ಕಾಡುತ್ತಿರಬಹುದು. ಆದ್ದರಿಂದ ಒಂದೇ ದಿನದ ಸಮೀಕ್ಷೆ ಸಾಲದು. ಇಂದು ಆರೋಗ್ಯವಂತರಾಗಿರುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು.

ಅಂತಹ ಮೊದಮೊದಲ ಕೆಲಸಗಳಲ್ಲೊಂದು ಫಿನ್ಲೆಂಡಿನದು. ಮಿಕಾ ಕಿವಿಮಾಕಿ ಮತ್ತು ಸಂಗಡಿಗರು 5,432 ಆಸ್ಪತ್ರೆ ಸಿಬ್ಬಂದಿಯನ್ನು ಎರಡು ಸಲ ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಸಲ ಕಿರುಕುಳವಿದೆ ಎಂದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಅದೇ ವೇಳೆ, ಖಿನ್ನತೆ ಮೊದಲೇ ಇದ್ದವರು ಕಿರುಕುಳಕ್ಕೆ ಗುರಿಯಾಗುವ ಸಾಧ್ಯತೆಯೂ ಹೆಚ್ಚು ಎಂಬುದು ಕಂಡುಬಂತು. ಅಂದರೆ ಇದು ಎರಡೂ ಕಡೆಯಿಂದ ತಿರುಗುವ ಚಕ್ರ. ಇದನ್ನು "ನೋಡಿ, ಅವರೇ ದುರ್ಬಲರು" ಎಂಬುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ನನಗೆ ಕಾಣುವ ಅರ್ಥ ಬೇರೆ: ಬಿದ್ದವರ ಮೇಲೆ ಇನ್ನೊಂದು ಕಲ್ಲು ಬೀಳುತ್ತದೆ ಎಂದರೆ, ಕಾಪಾಡಬೇಕಾದ ಹೊಣೆ ಇನ್ನೂ ಹೆಚ್ಚು.

ಹೃದಯದ ವಿಷಯದಲ್ಲಿ ದೊಡ್ಡ ಲೆಕ್ಕ ಸಿಕ್ಕಿದ್ದು 2018ರಲ್ಲಿ. ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳ 79,201 ದುಡಿಯುವ ಜನರನ್ನು, ಆರಂಭದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಇಲ್ಲದವರನ್ನೇ ಆರಿಸಿಕೊಂಡು, ಸರಾಸರಿ ಹನ್ನೆರಡು ವರ್ಷ ಆಸ್ಪತ್ರೆಯ ದಾಖಲೆಗಳ ಮೂಲಕ ಹಿಂಬಾಲಿಸಲಾಯಿತು. ಕಿರುಕುಳ ಅನುಭವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ಕಾಯಿಲೆಗಳ ಅಪಾಯ ಶೇ 59ರಷ್ಟು, ಕೆಲಸದಲ್ಲಿ ಹಿಂಸೆ ಅಥವಾ ಬೆದರಿಕೆ ಅನುಭವಿಸಿದವರಲ್ಲಿ ಶೇ 25ರಷ್ಟು ಹೆಚ್ಚಿತ್ತು. ಪದೇ ಪದೇ ಕಿರುಕುಳ ಅನುಭವಿಸಿದಷ್ಟೂ ಅಪಾಯ ಏರುತ್ತಿತ್ತು, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಅಂಶ, ಏಕೆಂದರೆ ದೂಳಿನ ಲೆಕ್ಕವೂ ಹೀಗೆಯೇ ನಡೆಯುತ್ತದೆ. ಅದೇ ವರ್ಷ ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಎರಡನೆಯ ಬಗೆಯ ಮಧುಮೇಹದ ಅಪಾಯ ಕಿರುಕುಳಕ್ಕೆ ಒಳಗಾದವರಲ್ಲಿ ಶೇ 46ರಷ್ಟು, ಹಿಂಸೆಗೆ ಒಳಗಾದವರಲ್ಲಿ ಶೇ 26ರಷ್ಟು ಹೆಚ್ಚಿರುವುದು ಕಂಡುಬಂತು. ಇವು ಗಮನಿಸಿ ಎಣಿಸಿದ ಅಧ್ಯಯನಗಳು, ಪ್ರಯೋಗಗಳಲ್ಲ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೃದಯಾಘಾತಕ್ಕೆ ಇಂತಹ ಮೇಲಧಿಕಾರಿಯೇ ಕಾರಣವೆಂದು ಇವುಗಳಿಂದ ಹೇಳಲಾಗದು. ಧೂಮಪಾನ ಮತ್ತು ಕ್ಯಾನ್ಸರಿನ ಸಂಬಂಧವನ್ನು ಮೊದಲು ತಿಳಿದದ್ದೂ ಹೀಗೆ ಎಣಿಸಿಯೇ ಎಂಬುದನ್ನು ಮರೆಯಬಾರದು.

ಡೆನ್ಮಾರ್ಕಿನಲ್ಲಿ ಸುಮಾರು 98,000 ಮಂದಿಯನ್ನು ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಕಿರುಕುಳಕ್ಕೆ ಒಳಗಾದವರಲ್ಲಿ ಆತ್ಮಹತ್ಯೆ ಮತ್ತು ಆತ್ಮಹತ್ಯಾ ಪ್ರಯತ್ನದ ಅಪಾಯವೂ ಹೆಚ್ಚಿರುವುದು ವರದಿಯಾಗಿದೆ. ಈ ಮಾತನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಸಾಯುವ ಯೋಚನೆ ಬರುತ್ತಿದ್ದರೆ, ದೂರು, ದಾಖಲೆ, ನ್ಯಾಯ ಎಲ್ಲವನ್ನೂ ಪಕ್ಕಕ್ಕಿಟ್ಟು ಇಂದೇ ವೈದ್ಯರ ಬಳಿ ಅಥವಾ ಸಹಾಯವಾಣಿಗೆ ಅದನ್ನು ಹೇಳಬೇಕು. ಆ ಕೆಲಸ ಬಿಟ್ಟುಬಿಡಬಹುದಾದದ್ದು, ಜೀವ ಹಾಗಲ್ಲ.

ಹೊಡೆತ ಹೊರಗಿನಿಂದ ಬಂದಾಗ

ಇಲ್ಲಿಯವರೆಗೆ ಹೇಳಿದ್ದು ಒಳಗಿನವರು ಕೊಡುವ ಕಾಟ. ಜನರೊಡನೆ ನೇರವಾಗಿ ವ್ಯವಹರಿಸುವ ದಾದಿಯರು, ಶಿಕ್ಷಕರು, ಬಸ್ ನಿರ್ವಾಹಕರು, ಅಂಗಡಿಯ ಮಾರಾಟಗಾರರು, ಕಾವಲುಗಾರರು ಇವರಿಗೆ ಹಿಂಸೆ ಹೊರಗಿನಿಂದ ಬರುತ್ತದೆ. ಆರೋಗ್ಯ ಕಾರ್ಯಕರ್ತರಲ್ಲಿ ಶೇ 8ರಿಂದ 38ರಷ್ಟು ಮಂದಿ ತಮ್ಮ ವೃತ್ತಿಜೀವನದಲ್ಲಿ ಎಂದಾದರೂ ದೈಹಿಕ ಹಿಂಸೆಗೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಭೀರ ಹಲ್ಲೆಯ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಬರಬಹುದು: ಘಟನೆ ಕಣ್ಣೆದುರು ಮರುಕಳಿಸುತ್ತದೆ, ಅದು ನಡೆದ ಜಾಗಕ್ಕೆ ಕಾಲಿಡಲಾಗುವುದಿಲ್ಲ, ಹಿಂದಿನಿಂದ ಯಾರಾದರೂ ಬಂದರೆ ಮೈ ಬೆಚ್ಚುತ್ತದೆ. "ಈ ಕೆಲಸವೆಂದರೆ ಇದೆಲ್ಲ ಇದ್ದದ್ದೇ" ಎಂಬ ಮಾತು ಈ ವೃತ್ತಿಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಉಗುಳಿಸಿಕೊಂಡ ದಾದಿ ಮುಖ ತೊಳೆದುಕೊಂಡು ಅದೇ ಪಾಳಿಯನ್ನು ಮುಗಿಸುತ್ತಾರೆ, ಘಟನೆಯನ್ನು ದಾಖಲಿಸುವುದೂ ಇಲ್ಲ. ದಾಖಲಾಗದ್ದು ಆಡಳಿತದ ಕಣ್ಣಿಗೆ ನಡೆಯದ್ದೇ ಆಗಿಬಿಡುತ್ತದೆ.

ಹಾನಿ ಅನುಭವಿಸಿದವರಲ್ಲೇ ನಿಲ್ಲುವುದಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತು ನೋಡುತ್ತಿದ್ದವರೂ ಹೆಚ್ಚಿನ ಒತ್ತಡವನ್ನು ಅನುಭವಿಸುತ್ತಾರೆಂದು ಫಿನ್ಲೆಂಡಿನ ಮಾರಿತ್ ವಾರ್ತಿಯಾ ಅವರ ಅಧ್ಯಯನ ತೋರಿಸಿದೆ. ಇನ್ನೂ ಕಳವಳಕಾರಿಯಾದದ್ದು ಇಸ್ರೇಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ, ಸ್ಥಿತಿ ಹದಗೆಡುತ್ತಿರುವ ಅವಧಿಪೂರ್ವ ಶಿಶುವೊಂದರ ಅಣಕು ಪ್ರಕರಣವನ್ನು ನಿಭಾಯಿಸಲು ಕೊಡಲಾಯಿತು. ಕೆಲವು ತಂಡಗಳಿಗೆ, ವೀಕ್ಷಕನಾಗಿ ಬಂದ ಹೊರದೇಶದ ತಜ್ಞನೊಬ್ಬನಿಂದ ಅಲ್ಲಿಯ ವೈದ್ಯಕೀಯ ಗುಣಮಟ್ಟದ ಬಗ್ಗೆ ಹಗುರವಾದ ಮಾತುಗಳನ್ನು ಕೇಳಿಸಲಾಯಿತು. ಕೂಗಾಟವಿಲ್ಲ, ಬೈಗುಳವಿಲ್ಲ. ಅಷ್ಟಕ್ಕೇ ಆ ತಂಡಗಳ ರೋಗನಿರ್ಣಯವೂ ಚಿಕಿತ್ಸೆಯ ಕೈಚಳಕವೂ ಕುಗ್ಗಿದವು. ಅವರು ಪರಸ್ಪರ ಮಾಹಿತಿ ಹಂಚಿಕೊಳ್ಳುವುದನ್ನೂ ಸಹಾಯ ಕೇಳುವುದನ್ನೂ ಕಡಿಮೆ ಮಾಡಿದ್ದರು. ಅವಮಾನದ ಬೆಲೆಯನ್ನು ತೊಟ್ಟಿಲಲ್ಲಿರುವ ಮಗು ತೆರಬೇಕಾಗಬಹುದು ಎಂಬುದು ಇದರ ನೇರ ಅರ್ಥ.

ಬೇರು ಎಲ್ಲಿದೆ

ಕೆಟ್ಟ ಮನುಷ್ಯನೊಬ್ಬ ಇದ್ದಾನೆ, ಅವನನ್ನು ತೆಗೆದರೆ ಸರಿಹೋಗುತ್ತದೆ ಎಂಬ ವಿವರಣೆ ಸಮಾಧಾನ ಕೊಡುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಲೇಮನ್ ಆದಿಯಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಬಹಳಷ್ಟು ಜನ ಬೆರಳು ತೋರಿಸುವುದು ಕೆಲಸವನ್ನು ಏರ್ಪಡಿಸಿದ ರೀತಿಯ ಕಡೆಗೆ. ಯಾರ ಕೆಲಸ ಯಾವುದು ಎಂಬ ಸ್ಪಷ್ಟತೆ ಇಲ್ಲದ ಕಡೆ, ಇಬ್ಬರು ಅಧಿಕಾರಿಗಳು ಒಬ್ಬ ನೌಕರರಿಗೆ ಒಂದಕ್ಕೊಂದು ಹೊಂದದ ಆದೇಶ ಕೊಡುವ ಕಡೆ, ಜನರ ಸಂಖ್ಯೆಗೆ ಮೀರಿದ ಹೊರೆ ಇರುವ ಕಡೆ, ಯಾರ ಕೆಲಸ ಯಾವಾಗ ಹೋಗುತ್ತದೆಯೋ ಎಂಬ ಭಯ ಇರುವ ಕಡೆ ಕಿರುಕುಳ ಹುಲುಸಾಗಿ ಬೆಳೆಯುತ್ತದೆ. ದಬ್ಬಾಳಿಕೆಯ ಅಧಿಕಾರಿಯಷ್ಟೇ ಅಪಾಯ, ಏನು ನಡೆದರೂ ಕೈಕಟ್ಟಿ ಕೂರುವ ಅಧಿಕಾರಿಯಿಂದಲೂ ಇದೆ ಎಂಬುದನ್ನು ನಾರ್ವೆಯ ಸಂಶೋಧಕರು ತೋರಿಸಿದ್ದಾರೆ. "ನೀವು ನೀವೇ ಬಗೆಹರಿಸಿಕೊಳ್ಳಿ" ಎಂಬ ಮಾತು ತಟಸ್ಥವೆಂದು ಹೇಳುವವರಿಗೆ ಅನಿಸಬಹುದು. ಬಲವಿಲ್ಲದವರ ಕಿವಿಗೆ ಅದು ತೀರ್ಪಿನಂತೆಯೇ ಬೀಳುತ್ತದೆ.

ಸಂಸ್ಥೆಯ ನೀತಿಯೇ ಕಿರುಕುಳವಾಗಬಲ್ಲದು ಎಂಬುದನ್ನು ಜಗತ್ತಿಗೆ ಕಾಣಿಸಿದ್ದು ಫ್ರಾನ್ಸಿನ ದೂರವಾಣಿ ಕಂಪನಿ ಫ್ರಾನ್ಸ್ ಟೆಲಿಕಾಮ್‌ನ ಮೊಕದ್ದಮೆ. ಸುಮಾರು 1,20,000 ನೌಕರರಿದ್ದ ಆ ಕಂಪನಿ 2006ರಲ್ಲಿ, ಮೂರು ವರ್ಷಗಳಲ್ಲಿ 22,000 ಜನರನ್ನು ಕಡಿಮೆ ಮಾಡುವ ಯೋಜನೆ ಹಾಕಿತು. ಅವರಲ್ಲಿ ಬಹುಪಾಲು ಜನರಿಗೆ ಸರ್ಕಾರಿ ನೌಕರರ ಭದ್ರತೆ ಇದ್ದುದರಿಂದ ತೆಗೆದುಹಾಕುವಂತಿರಲಿಲ್ಲ. ತಾವಾಗಿಯೇ ಬಿಟ್ಟುಹೋಗುವಂತೆ ಮಾಡಬೇಕಿತ್ತು. ಬಲವಂತದ ವರ್ಗಾವಣೆಗಳು, ಕೈಗೆಟುಕದ ಗುರಿಗಳು, ಕೆಲಸವೇ ಇಲ್ಲದ ಹುದ್ದೆಗಳು ಅದರ ದಾರಿಯಾದವು. ನ್ಯಾಯಾಲಯ ಪರಿಶೀಲಿಸಿದ 39 ಪ್ರಕರಣಗಳಲ್ಲಿ 19 ಆತ್ಮಹತ್ಯೆಗಳು, 12 ಆತ್ಮಹತ್ಯಾ ಪ್ರಯತ್ನಗಳು. 2019ರ ಡಿಸೆಂಬರಿನಲ್ಲಿ ಕಂಪನಿಯನ್ನೂ ಅದರ ಮಾಜಿ ಮುಖ್ಯಸ್ಥ ಡಿಡಿಯೆ ಲೊಂಬಾರ್ ಸೇರಿದಂತೆ ಹಿರಿಯ ಅಧಿಕಾರಿಗಳನ್ನೂ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿತು. 2025ರ ಜನವರಿಯಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ 'ಸಾಂಸ್ಥಿಕ ಕಿರುಕುಳ' ಎಂಬ ಪರಿಕಲ್ಪನೆಯನ್ನು ಎತ್ತಿಹಿಡಿಯಿತು. ಕಾಡುವವನಿಗೂ ಕಾಡಿಸಿಕೊಂಡವನಿಗೂ ಮುಖಪರಿಚಯವೇ ಇಲ್ಲದಿದ್ದರೂ, ಮೇಲಿನ ಕೊಠಡಿಯಲ್ಲಿ ಅಂಕಿಯಾಗಿ ಬರೆದದ್ದು ಕೆಳಗಿನ ಮೇಜಿನಲ್ಲಿ ಕಿರುಕುಳವಾಗಿ ಇಳಿಯಬಹುದೆಂಬುದು ಇದರಿಂದ ಕಾನೂನಿನ ಮಾತಾಯಿತು.

ಏನು ಮಾಡಬಹುದು

ಕಿರುಕುಳಕ್ಕೆ ಒಳಗಾದವರು ಮೊದಲು ಮಾಡಬಹುದಾದದ್ದು ಬರೆದಿಡುವುದು. ದಿನಾಂಕ, ಹೊತ್ತು, ಜಾಗ, ಆಡಿದ ಮಾತು ಆಡಿದಂತೆಯೇ, ಅಲ್ಲಿದ್ದವರ ಹೆಸರು, ಆ ರಾತ್ರಿ ನಿದ್ದೆ ಹೇಗಿತ್ತು ಎಂಬುದು. ಒಂದೊಂದಾಗಿ ಕ್ಷುಲ್ಲಕವೆನಿಸುವ ಘಟನೆಗಳು ನಲವತ್ತು ಸಾಲುಗಳಾಗಿ ಒಂದರ ಕೆಳಗೊಂದು ನಿಂತಾಗ ಓದುವವರಿಗೆ ಬೇರೆಯೇ ಅರ್ಥ ಕೊಡುತ್ತವೆ, ಬರೆದವರಿಗೂ ತಮ್ಮ ಬುದ್ಧಿ ಕೆಟ್ಟಿಲ್ಲ ಎಂಬ ಧೈರ್ಯ ಬರುತ್ತದೆ. ಈ ಟಿಪ್ಪಣಿ ಕಚೇರಿಯ ಕಂಪ್ಯೂಟರಿನಲ್ಲಿ ಇರಬಾರದು. ವೈದ್ಯರ ಬಳಿ ಹೋದಾಗ ತಲೆನೋವನ್ನಷ್ಟೇ ಹೇಳಿ ಬರದೆ, ಅದು ಯಾವಾಗ ಶುರುವಾಯಿತು, ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂಬುದನ್ನೂ ಹೇಳಬೇಕು. ರಜೆಯಲ್ಲಿ ಇಳಿದು ಕೆಲಸಕ್ಕೆ ಮರಳಿದೊಡನೆ ಏರುವ ನೋವು ತನ್ನ ಮೂಲವನ್ನು ತಾನೇ ಹೇಳುತ್ತದೆ. ಸಹೋದ್ಯೋಗಿಗಳು ಹೋರಾಟಕ್ಕೆ ಇಳಿಯಬೇಕೆಂದೇನಿಲ್ಲ. ಸಭೆ ಮುಗಿದ ಮೇಲೆ ಬಂದು "ಅವರು ನಿಮಗೆ ಹಾಗೆ ಹೇಳಿದ್ದು ಸರಿಯಲ್ಲ, ನಾನು ಕೇಳಿಸಿಕೊಂಡೆ" ಎಂದರೆ, ಮೂಲೆಗುಂಪಾದವರಿಗೆ ಮತ್ತೆ ಕಾಲೂರಲು ಒಂದು ಜಾಗ ಸಿಗುತ್ತದೆ.

ಆದರೆ ದೂಳು ತುಂಬಿದ ಕಾರ್ಖಾನೆಯಲ್ಲಿ ಕೆಮ್ಮುವವರಿಗೆ ಉಸಿರಾಟದ ವ್ಯಾಯಾಮ ಕಲಿಸಿದಂತೆ, ಕಿರುಕುಳ ನಡೆಯುವ ಕಡೆ ನೌಕರರಿಗೆ ಒತ್ತಡ ನಿಭಾಯಿಸುವ ಶಿಬಿರ ಏರ್ಪಡಿಸುವುದು ಹೊಣೆಯನ್ನು ಪೆಟ್ಟು ತಿಂದವರ ಮೇಲೆಯೇ ಹೊರಿಸುತ್ತದೆ. ತಡೆಯುವ ಕೆಲಸ ಉದ್ಯೋಗದಾತರದು ಎಂಬುದನ್ನು ಕೆಲವು ದೇಶಗಳು ಕಾನೂನಾಗಿಯೇ ಬರೆದಿವೆ. ಸ್ವೀಡನ್ 1993ರಲ್ಲೇ ಇದಕ್ಕಾಗಿ ಪ್ರತ್ಯೇಕ ನಿಯಮ ಹೊರಡಿಸಿತು, ಫ್ರಾನ್ಸ್ 2002ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ 2004ರಲ್ಲಿ, ದಕ್ಷಿಣ ಕೊರಿಯಾ 2019ರಲ್ಲಿ ಕಾನೂನು ಜಾರಿಗೆ ತಂದವು. ಕಾಗದದ ಮೇಲಿನ ನೀತಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕೆಲವು ಸರಳ ಪ್ರಶ್ನೆಗಳು ಸಾಕು. ದೂರು ಯಾರ ಮೇಲಿದೆಯೋ ಅವರ ಕೈಕೆಳಗಿನವರೇ ಅದನ್ನು ವಿಚಾರಿಸುತ್ತಾರೆಯೇ? ದೂರು ಕೊಟ್ಟವರ ಮುಂದಿನ ವರ್ಷದ ಮೌಲ್ಯಮಾಪನ ಏನಾಯಿತು? ಒಂದೇ ವಿಭಾಗದಿಂದ ಜನ ಒಬ್ಬರ ಹಿಂದೊಬ್ಬರು ವರ್ಗಾವಣೆ ಕೇಳುತ್ತಿದ್ದಾರೆಯೇ, ಅನಾರೋಗ್ಯದ ರಜೆ ಅಲ್ಲಿಯೇ ಹೆಚ್ಚಾಗಿದೆಯೇ? ಹಾಜರಿ ಪುಸ್ತಕ ಮತ್ತು ರಾಜೀನಾಮೆ ಪತ್ರಗಳಲ್ಲಿ ಇರುವಷ್ಟು ಸಾಕ್ಷ್ಯ ಅನೇಕ ವೇಳೆ ವಿಚಾರಣಾ ಸಮಿತಿಯ ಮುಂದೆಯೂ ಬರುವುದಿಲ್ಲ.

ವಿಚಾರಣೆ ಮುಗಿದ ಮೇಲೆ ದೂರು ಕೊಟ್ಟವರನ್ನೇ ಬೇರೆ ವಿಭಾಗಕ್ಕೆ ಕಳುಹಿಸುವ ರೂಢಿ ಎಲ್ಲೆಡೆ ಇದೆ. ಅದು ಅವರೇ ಕೇಳಿದ್ದಲ್ಲದಿದ್ದರೆ ಶಿಕ್ಷೆಯಂತೆಯೇ ಕೆಲಸ ಮಾಡುತ್ತದೆ. ಚೇತರಿಕೆ ಬೇಗ ಆಗುವುದಿಲ್ಲ. ಕಿರುಕುಳ ನಿಂತು ತಿಂಗಳುಗಳಾದರೂ ಫೋನಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಮುಂದುವರಿಯಬಹುದು, ಮತ್ತು ಅದನ್ನು ಆಪ್ತಸಮಾಲೋಚನೆಯಿಂದ, ಬೇಕಾದರೆ ಔಷಧಿಯಿಂದ ಗುಣಪಡಿಸಲು ಸಾಧ್ಯವಿದೆ. ಲೆಕ್ಕಪತ್ರ ವಿಭಾಗದ ಆ ಮಹಿಳೆ ದೀರ್ಘ ರಜೆಯ ನಂತರ ಕೆಲಸಕ್ಕೆ ಮರಳುವುದಾದರೆ, ಅವರು ಯಾರಿಗೆ ವರದಿ ಮಾಡಿಕೊಳ್ಳಬೇಕು, ಅವರ ಮೇಜು ಎಲ್ಲಿರುತ್ತದೆ, ಮೊದಲ ವಾರಗಳಲ್ಲಿ ಎಷ್ಟು ಗಂಟೆಯ ಕೆಲಸ, ಅವರು ಬರೆದ ವರದಿಯ ಮೇಲೆ ಯಾರ ಹೆಸರು, ಸಭೆಯ ಸೂಚನೆ ಅವರಿಗೆ ಕಳುಹಿಸುವ ಹೊಣೆ ಯಾರದು ಎಂಬುದೆಲ್ಲ ಅವರು ಬಾಗಿಲೊಳಗೆ ಕಾಲಿಡುವ ಮೊದಲೇ ಬರಹದಲ್ಲಿ ತೀರ್ಮಾನವಾಗಿರಬೇಕು.